ಮಸೆಗಲ್ಲು ಮಟ್ಟವಾದ ಬಗೆ

ಮೂವತ್ತನಾಲ್ಕು ವರ್ಷದ ಸೇವೆಯಲ್ಲಿ ಕೃಷ್ಣಸ್ವಾಮಿಯವರು ಮಟ್ಟಸವಾದ ವಸ್ತುವೊಂದನ್ನೂ ಕಂಡವರಲ್ಲ. ವಿಮಾನ ಕಾರ್ಖಾನೆಯ ತಪಾಸಣಾ ವಿಭಾಗದಲ್ಲಿ ಅವರ ಮೇಜಿಗೆ ತಗಡು ಬರಲಿ, ಚಪ್ಪಡಿ ಬರಲಿ, ಉಕ್ಕಿನ ಪಟ್ಟಿಯೊಂದನ್ನು ಅದರ ಮೇಲೆ ಅಡ್ಡಲಾಗಿ ನಿಲ್ಲಿಸುತ್ತಿದ್ದರು. ಸಂದಿಯಲ್ಲಿ ಕೂದಲೆಳೆಯಷ್ಟು ಬೆಳಕು ಕಂಡರೂ ಸಾಕು, "ರಿಜೆಕ್ಟ್!" ನಿವೃತ್ತಿಯ ದಿನ ಬೇರೆಯವರಿಗೆಲ್ಲ ಗೋಡೆ ಗಡಿಯಾರ ಕೊಟ್ಟ ಸಹೋದ್ಯೋಗಿಗಳು ಇವರಿಗೆ ಆ ಪಟ್ಟಿಯನ್ನೇ ಕೊಟ್ಟು ಕಳಿಸಿದರು. (ಪ್ರೀತಿಯಿಂದಲೋ, ಅದು ಅಲ್ಲೇ ಉಳಿದುಬಿಟ್ಟೀತೆಂಬ ಭಯದಿಂದಲೋ ತಿಳಿಯದು.) ಅಂದಿನಿಂದ ಹೊಸ ತಿಪ್ಪಸಂದ್ರದ ಮನೆಯಲ್ಲಿ ಹೆಂಡತಿ ಕೋಕಿಲಾ ಹೊಯ್ದ ದೋಸೆಗೂ ಬೆಳಕಿನ ಪರೀಕ್ಷೆ ತಪ್ಪಿದ್ದಲ್ಲ.

ಇಂಥ ಕೃಷ್ಣಸ್ವಾಮಿ ಇಡೀ ಭೂಮಂಡಲದಲ್ಲಿ ತಲೆಬಾಗುತ್ತಿದ್ದುದು ಒಬ್ಬರಿಗೆ ಮಾತ್ರ: ಶಿವಾಜಿನಗರದಲ್ಲಿ, ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಒಂದೇ ಕುರ್ಚಿಯ ಕ್ಷೌರದಂಗಡಿ ಇಟ್ಟುಕೊಂಡಿರುವ ಸನಾವುಲ್ಲಾರಿಗೆ. ಸುತ್ತಲಿನವರೆಲ್ಲ ಅರ್ಧ ಬ್ಲೇಡು ಮುರಿದು ಸಿಕ್ಕಿಸುವ ಕತ್ತಿಗೆ ಇಳಿದ ಮೇಲೂ ಸನಾವುಲ್ಲಾ ತಮ್ಮ ಅಜ್ಜನ ಉಸ್ತರಾ ಬಿಟ್ಟಿರಲಿಲ್ಲ. ಆ ಮಡಚುಗತ್ತಿ ಕೆನ್ನೆಯ ಮೇಲೆ ಓಡಿದ್ದೇ ತಿಳಿಯದೆ, "ಯಾವಾಗ ಶುರು ಮಾಡ್ತೀರಿ?" ಎಂದು ಕೇಳಿದ ಗಿರಾಕಿಗಳುಂಟು. ಸನಾವುಲ್ಲಾರ ಬಳಿ ಶನಿವಾರ ಕ್ಷೌರ ಮಾಡಿಸಿಕೊಂಡ ಕೆನ್ನೆಯ ಮೇಲೆ ಸೋಮವಾರದವರೆಗೂ ಸೊಳ್ಳೆಗಳಿಗೆ ಕಾಲು ನಿಲ್ಲುತ್ತಿರಲಿಲ್ಲ. ಜಾರಿ ಜಾರಿ ಕೊನೆಗೆ ಪಕ್ಕದ ಮನೆಗೆ ಹೋಗುತ್ತಿದ್ದವು.

ಉಸ್ತರಾದ ಜೀವ ಇದ್ದದ್ದು ಒಂದು ಮಸೆಗಲ್ಲಿನಲ್ಲಿ. ಬಟ್ಟೆ ಸೋಪಿನ ಬಿಲ್ಲೆಯ ಗಾತ್ರ, ಮೋಡದ ಬಣ್ಣ. ಮಸೆದಂತೆಲ್ಲ ಇಂಥ ಕಲ್ಲಿನ ನಡು ಸವೆದು ತಗ್ಗಾಗುತ್ತದೆ; ತಗ್ಗಿದ ಕಲ್ಲಿನ ಮೇಲೆ ಕತ್ತಿಯ ಅಂಚು ಪೂರ್ತಿ ಕೂರುವುದಿಲ್ಲ. ಆಗಾಗ ಕಲ್ಲನ್ನೇ ಉಜ್ಜಿ ಮಟ್ಟ ಮಾಡುತ್ತಿರಬೇಕು. ಈ ಸಲ ಕೃಷ್ಣಸ್ವಾಮಿ ಕ್ಷೌರಕ್ಕೆ ಹೋದಾಗ ಅದು ಹಗ್ಗದ ಮಂಚದಂತೆ ಜೋತುಬಿದ್ದಿತ್ತು.

"ಉಸ್ತರಾ ಹಿಡಿಯೋಕೆ ಎರಡು ಬೆರಳು ಸಾಕು ಸಾಬ್, ಕಲ್ಲು ಉಜ್ಜೋಕೆ ಭುಜ ಬೇಕು. ಭುಜ ಹಿಡ್ಕೊಂಡ್ಬಿಟ್ಟಿದೆ," ಎಂದರು ಸನಾವುಲ್ಲಾ. "ಬರೋ ಭಾನುವಾರ ನಮ್ಮ ಲೈಬಾ ಶಾದಿ. ದುಲ್ಹಾಗೆ ನಾನೇ ಹಜಾಮತ್ ಮಾಡ್ತೀನಿ ಅಂತ ಮೊಮ್ಮಗಳಿಗೆ ಮಾತು ಕೊಟ್ಟಿದೀನಿ. ಈ ಕಲ್ಲಲ್ಲಿ ಮಸೆದ್ರೆ ಹುಡುಗ ನಿಕಾಗೆ ಮುಖದ ತುಂಬಾ ಹತ್ತಿ ಅಂಟಿಸ್ಕೊಂಡು ಕೂರ್ಬೇಕು."

"ಕೊಡಿ ಇಲ್ಲಿ," ಎಂದು ಕೃಷ್ಣಸ್ವಾಮಿ ಕೈಚಾಚಿದರು. "ಮೂವತ್ನಾಕು ವರ್ಷ ಇದೇ ಕೆಲಸ ನಂದು. ಶನಿವಾರ ಸಂಜೆಗೆ ಗಾಜಿನ ಥರ ಮಾಡಿ ತರ್ತೀನಿ."

ಸನಾವುಲ್ಲಾ ಕಲ್ಲನ್ನು ಕರ್ಚೀಫಿನಲ್ಲಿ ಸುತ್ತಿ, ಎಳೆಗೂಸನ್ನು ಕೊಡುವ ಹಾಗೆ ಕೊಟ್ಟರು. "ಅಜ್ಜಂದು ಸಾಬ್. ಇಂಥ ಕಲ್ಲು ಇನ್ನೊಂದು ಸಿಗಲ್ಲ."

ಮನೆಗೆ ಬರುವ ಬಸ್ಸಿನಲ್ಲಿ ಕೃಷ್ಣಸ್ವಾಮಿಯವರಿಗೆ ಒಂದು ವಿಷಯ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಮೂವತ್ತನಾಲ್ಕು ವರ್ಷ ಅವರು ಮಾಡಿದ್ದು ಇನ್ನೊಬ್ಬರು ಮಟ್ಟ ಮಾಡಿ ತಂದದ್ದನ್ನು ಮಟ್ಟವಿಲ್ಲ ಎನ್ನುವ ಕೆಲಸ. ಸ್ವತಃ ಒಂದು ಹಾಳೆಯ ಮಡಿಕೆಯನ್ನೂ ಅವರು ಸರಿ ಮಾಡಿದವರಲ್ಲ.

ಸೋಮವಾರ ಕಲ್ಲು ಅಡುಗೆಮನೆಯ ಕಟ್ಟೆಯೇರಿತು.

"ಏನ್ರೀ ಅದು?"

"ಇತಿಹಾಸ ಕಣೇ. ಮೂರು ತಲೆಮಾರಿಂದು."

"ಇತಿಹಾಸಾನ ಹಿತ್ಲಲ್ಲಿ ಉಜ್ಜಿ. ಇಲ್ಲಿ ಪಲ್ಯ ಹೆಚ್ಚಬೇಕು."

ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿಗೆ ನಡುವಯಸ್ಸಿನ ಹೊಟ್ಟೆ ಬಂದಿತ್ತು. ಅದರ ಮೇಲೆ ಉಜ್ಜಿದ್ದರಿಂದ ಇದರ ತಗ್ಗು ಮತ್ತಷ್ಟು ಆಳವಾಯಿತು. ಮಂಗಳವಾರ ಟೀಪಾಯಿಯ ಗಾಜು ಕಳಚಿ, ಮಾರ್ಕೆಟ್ ರಸ್ತೆಯಿಂದ ತಂದ ಉಪ್ಪುಕಾಗದವನ್ನು ಅದರ ಮೇಲೆ ಹಾಸಿ, ಕಲ್ಲಿನ ಮೇಲೆ ಪೆನ್ಸಿಲಿನಿಂದ ಚೌಕಳಿ ಗೆರೆ ಎಳೆದು, ನೀರು ಚಿಮುಕಿಸಿ ಸಮತಲ ಸಂಸ್ಥಾಪನಾ ಮಹಾಯಾಗಕ್ಕೆ ಕೂತರು. ಉಜ್ಜುತ್ತ ಹೋದಂತೆ ಎತ್ತರದ ಜಾಗದ ಗೆರೆ ಅಳಿಯುತ್ತದೆ, ತಗ್ಗಿನದು ಉಳಿಯುತ್ತದೆ. ಎಲ್ಲ ಗೆರೆಯೂ ಅಳಿದರೆ ಕಲ್ಲು ಮಟ್ಟವಾಯಿತೆಂದು ಲೆಕ್ಕ. ಐದು ಸಲ ಉಜ್ಜುವುದು, ಪಟ್ಟಿ ಇಟ್ಟು ನೋಡುವುದು, ಪುಸ್ತಕದಲ್ಲಿ ಬರೆಯುವುದು. ಗುರುವಾರದ ಹೊತ್ತಿಗೆ ಪುಸ್ತಕ ತುಂಬಿತು. ಕಲ್ಲಿನ ಮುಂದಿನ ತುದಿ ಸವೆದು, ಹಿಂದಿನ ತುದಿಯ ಗೆರೆಗಳು ಹಾಗೇ ನಿಂತು, ಒಟ್ಟಾರೆ ಅದು ಕೆ.ಆರ್. ಪುರದ ಸೇತುವೆ ಇಳಿಯುವ ಆಕಾರಕ್ಕೆ ಬಂತು. ಇದೇ ವೇಗದಲ್ಲಿ ಹೋದರೆ ಶನಿವಾರ ಸನಾವುಲ್ಲಾರ ಅಜ್ಜನ ಕಲ್ಲನ್ನು ಒಂದು ಚೊಂಬಿನಲ್ಲಿ ಕೊಂಡೊಯ್ಯಬಹುದಿತ್ತು.

ಕೃಷ್ಣಸ್ವಾಮಿಯವರಿಗೆ ಊಟ ಸೇರಲಿಲ್ಲ. ವಾರದ ಗಡ್ಡ ಹೊತ್ತ ಮುಖ ಇನ್ನಷ್ಟು ಬಾಡಿತು.

"ಹುಳಿಗೆ ಉಪ್ಪು ಕಮ್ಮಿನಾ?"

"ಮದುವೆ ನಿಲ್ಲುತ್ತೆ ಕಣೇ, ಕೋಕಿಲಾ."

"ಯಾರದ್ದು? ನಮ್ಮದಾ? ನಲವತ್ತು ವರ್ಷ ಆದ್ಮೇಲಾ?"

ಅವರು ಕಥೆಯೆಲ್ಲ ಹೇಳಿದರು. ಕೋಕಿಲಾ ಎಂಜಲು ಕೈ ತೊಳೆದು ಬಂದು, ಗಂಡ ಉಜ್ಜುವುದನ್ನು ಎರಡು ನಿಮಿಷ ನಿಂತು ನೋಡಿದರು.

"ನೀವು ಉಜ್ತಾ ಇಲ್ಲ ರೀ, ಕೆಟ್ಟು ನಿಂತ ಬಸ್ಸು ತಳ್ತಾ ಇದ್ದೀರಿ. ಮೈಭಾರ ಎಲ್ಲಾ ಮುಂದಿನ ತುದಿ ಮೇಲೇ. ಎಂಟು ಸಲ ಉಜ್ಜಿ ಕಲ್ಲು ತಿರುಗಿಸ್ಬೇಕು. ತಿರುಗಿಸ್ದೇ ಲಟ್ಟಿಸಿದ್ರೆ ಚಪಾತಿ ಏನಾಗುತ್ತೆ?"

"ಏನಾಗುತ್ತೆ?"

"ನೀವು ಲಟ್ಟಿಸಿದ ಚಪಾತಿ ಆಗುತ್ತೆ. ಏಳಿ ಮೇಲೆ."

ಸೆರಗು ಸಿಕ್ಕಿಸಿ ಕೂತರು ಕೋಕಿಲಾ. ಹೊಸದಾಗಿ ಗೆರೆ ಎಳೆದರು. ಅಂಗೈಯನ್ನು ಕಲ್ಲಿನ ನಡುವೆ ಹಗುರವಾಗಿ ಇಟ್ಟು, ಎಂಟರ ಅಂಕಿ ಬರೆದಂತೆ ಸುತ್ತಿಸಿದರು. ಎಂಟಾಯಿತೆಂದರೆ ತಿರುಗಿಸಿದರು, ಬೂದುಬಣ್ಣದ ಕೆಸರನ್ನು ತೊಳೆದರು, ಮತ್ತೆ ಸುತ್ತಿಸಿದರು. ಕಣ್ಣು ಟೀವಿಯ ಧಾರಾವಾಹಿಯ ಮೇಲೆ, ಕಿವಿ ಮಾತ್ರ ಕಲ್ಲಿನ ಮೇಲೆ. "ಕರಕರ ಅಂದ್ರೆ ಅಂಚು ಮಾತ್ರ ತಗಲ್ತಾ ಇದೆ. ಜುಂಯ್ ಅಂತ ಒಂದೇ ಸಮ ಬಂದ್ರೆ ಪೂರ್ತಿ ಕೂತಿದೆ." ಕೃಷ್ಣಸ್ವಾಮಿ ಬೆರಗಾಗಿ ನೋಡುತ್ತಿದ್ದರು. ಆಕಾಶಕ್ಕೆ ಹಾರುವ ಯಂತ್ರಗಳ ಭಾಗ ಮಾಡುವ ಕೈಗಳನ್ನು ಅವರು ಬೇಕಾದಷ್ಟು ಕಂಡಿದ್ದರು. ನಲವತ್ತು ವರ್ಷ ತಮಗೆ ಅನ್ನ ಬಡಿಸಿದ ಈ ಕೈಗಳನ್ನು ಸರಿಯಾಗಿ ನೋಡಿದ್ದು ಇದೇ ಮೊದಲು.

ಆದರೂ ಅಭ್ಯಾಸ ಬಿಡುತ್ತದೆಯೇ? ನಡುವೆ ಪಟ್ಟಿ ಇಟ್ಟು ನೋಡಿದವರ ಬಾಯಿಂದ ಆ ಶಬ್ದ ಹೊರಟೇಹೋಯಿತು.

"ಇನ್ನೊಂದ್ಸಲ ರಿಜೆಕ್ಟ್ ಅಂದ್ರೆ, ನಿಮ್ಮನ್ನೇ ಕೆಳಗೆ ಹಾಸ್ಕೊಂಡು ಉಜ್ತೀನಿ!"

ಶುಕ್ರವಾರ ಮಧ್ಯಾಹ್ನ ಗೆರೆಗಳೆಲ್ಲ ಅಳಿದವು. ಕೋಕಿಲಾ ಚೂಪಾದ ಅಂಚುಗಳನ್ನೂ ನಯವಾಗಿ ಸವರಿ, "ಇಲ್ದಿದ್ರೆ ಕತ್ತಿಗೆ ಗೀರುತ್ತೆ," ಎಂದರು. ಕೃಷ್ಣಸ್ವಾಮಿ ಕಿಟಕಿಯ ಬಳಿ ಪಟ್ಟಿ ನಿಲ್ಲಿಸಿದರು. ಉದ್ದಕ್ಕೆ ನೋಡಿದರು, ಅಡ್ಡಕ್ಕೆ ನೋಡಿದರು, ಮೂಲೆಯಿಂದ ಮೂಲೆಗೆ ನೋಡಿದರು. ಮಧ್ಯಾಹ್ನದ ಸೂರ್ಯ ತಲೆಕೆಳಗಾಗಿ ನಿಂತರೂ ಒಂದು ಕಿರಣ ನುಸುಳುವಂತಿರಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿ ಅವರು, ತುಂಬಿದ ಪುಸ್ತಕದ ರಟ್ಟಿನ ಮೇಲೆ, "ಪಾಸ್" ಎಂದು ಬರೆದರು.

ಶನಿವಾರ ಇಬ್ಬರೂ ಅಂಗಡಿಗೆ ಹೋದರು. ಸನಾವುಲ್ಲಾ ಕಲ್ಲನ್ನು ಒದ್ದೆ ಮಾಡಿ, ಕೈಗನ್ನಡಿಯ ಮೇಲೆ ಬೋರಲು ಹಾಕಿ, ಮೆಲ್ಲಗೆ ಎತ್ತಿದರು. ನಡುವೆ ಗಾಳಿಗೂ ಜಾಗವಿಲ್ಲದೆ, ಕಲ್ಲಿನೊಂದಿಗೆ ಕನ್ನಡಿಯೂ ಅಂಟಿಕೊಂಡು ಮೇಲೆದ್ದಿತು!

"ಸುಭಾನಲ್ಲಾ! ಕೈ ಕೊಡಿ ಸಾಬ್, ಕಣ್ಣಿಗೆ ಒತ್ಕೋತೀನಿ."

ಕೋಕಿಲಾ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಕೃಷ್ಣಸ್ವಾಮಿ ಕೈಯನ್ನು ಅರ್ಧ ಚಾಚಿಯೂ ಆಗಿತ್ತು. ಆದರೆ ಮೂವತ್ತನಾಲ್ಕು ವರ್ಷದಲ್ಲಿ ಒಂದು ಸುಳ್ಳು ಸರ್ಟಿಫಿಕೇಟಿಗೂ ಸಹಿ ಹಾಕಿದವರಲ್ಲ ಅವರು. ಕೈ ತಾನಾಗಿ ಹಿಂದೆ ಸರಿಯಿತು.

"ಅದು… ಇವಳು ಮಾಡಿದ್ದು."

"ಮತ್ತೆ ನೀವು?"

"ನಾನು ನೋಡಿದೆ."

ಸನಾವುಲ್ಲಾ ಕೋಕಿಲಾರಿಗೆ ಬಾಗಿ ಸಲಾಂ ಮಾಡಿ, ತಮ್ಮ ಸ್ವಂತ ಸ್ಟೂಲನ್ನು ಒರೆಸಿ ಕೂರಿಸಿದರು. ಕಲ್ಲಿನ ಮೇಲೆ ಉಸ್ತರಾ ಆಡಿತು. ಆಮೇಲೆ ಚರ್ಮದ ಪಟ್ಟಿಯ ಮೇಲೆ. "ದುಲ್ಹಾಗಿಂತ ಮುಂಚೆ ಒಂದು ಕೆನ್ನೆ ಮೇಲೆ ನೋಡ್ಬೇಕಲ್ಲಮ್ಮಾ," ಎಂದರು. ಅಂಗಡಿಯಲ್ಲಿ ಸಿಗುತ್ತಿದ್ದುದು ಒಂದೇ ಗಡ್ಡ.

ವಾರದ ಬೆಳೆ ಬೆಣ್ಣೆಯಂತೆ ಜಾರಿ ಬಿತ್ತು. ಒಂದು ಹನಿ ರಕ್ತವಿಲ್ಲ. "ನಾಳೆ ಹುಡುಗ ನಿಶ್ಚಿಂತೆ!" ಎಂದು ಸನಾವುಲ್ಲಾ ಗಲ್ಲದ ಕೆಳಗಿನ ಭಾಗಕ್ಕೆ ಇಳಿದಾಗ ಕೋಕಿಲಾ ಎದ್ದು ಹತ್ತಿರ ಬಂದರು. ಗಂಡನ ಮುಖವನ್ನು ಆ ಪಕ್ಕದಿಂದ ನೋಡಿದರು, ಈ ಪಕ್ಕದಿಂದ ನೋಡಿದರು.

"ರೀ, ಇಷ್ಟು ವರ್ಷ ಗಮನಿಸೇ ಇರ್ಲಿಲ್ಲ. ನಿಮ್ಮ ಎಡಗೆನ್ನೆ ಬಲಗೆನ್ನೆಗಿಂತ ತಗ್ಗು!"

"ಏನೇ ನೀನು…"

"ಅಲ್ಲಾಡ್ಬೇಡಿ ಸಾಬ್, ಉಸ್ತರಾ ಗಂಟಲ ಮೇಲಿದೆ," ಎಂದರು ಸನಾವುಲ್ಲಾ. "ಅಮ್ಮ ಹೇಳೋದು ನಿಜ. ಇಪ್ಪತ್ತು ವರ್ಷದಿಂದ ನೋಡ್ತಾ ಇದೀನಿ. ಖಾಯಂ ಗಿರಾಕಿ, ಮನಸ್ಸಿಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ."

"ಇದಕ್ಕೇನಾದ್ರೂ ಮಾಡ್ಬಹುದಾ?" ಕೋಕಿಲಾ ನಿಜವಾಗಿಯೂ ಚಿಂತಿಸಿ ಕೇಳಿದರು.

ಸನಾವುಲ್ಲಾ ಗಲ್ಲ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದರು.

"ಕಲ್ಲಾಗಿದ್ರೆ ಮಾಡ್ಬಹುದಿತ್ತಮ್ಮಾ. ನಾಳೆ ಶಾದಿಗೆ ಕರ್ಕೊಂಡು ಬನ್ನಿ, ಫೋಟೋದಲ್ಲಿ ಬಲಗೆನ್ನೆ ಕಾಣೋ ಹಾಗೆ ತಿರುಗಿಸಿ ನಿಲ್ಸೋಣ."