ಗೇಣಿನ ಲೆಕ್ಕದ ಸಾರು

ನಾನು ಒಲೆಯ ಮೇಲೆ ಹುರಳಿ ಕಟ್ಟಿನ ಸಾರು ಇಟ್ಟೆನೆಂದರೆ ಏನಾದರೊಂದು ಆಗಲೇಬೇಕು. ಬೇರೆಯವರ ಸಾರು ಕುದಿಯುತ್ತದೆ, ಇಳಿಯುತ್ತದೆ, ಹೊಟ್ಟೆ ಸೇರುತ್ತದೆ. ನನ್ನದು ಹಾಗೆ ಸುಮ್ಮನೆ ಹೋಗುವ ಸಾರಲ್ಲ. ತಪ್ಪು ನನ್ನದಲ್ಲ, ಕಲಿಸಿದ ಅಪ್ಪನದು.

ಅಪ್ಪನ ಲೆಕ್ಕ

ನಮ್ಮದು ಬನಹಟ್ಟಿಯ ನೇಕಾರರ ಮನೆ. ಅವ್ವ ದಿನವಿಡೀ ನೂಲು ಸುತ್ತುತ್ತಿದ್ದಳು. ರೊಟ್ಟಿ ಅವಳದು, ಆದರೆ ಹುರಳಿ ಕಟ್ಟಿನ ಸಾರು ಮಾತ್ರ ಅಪ್ಪನದು. ಹುರಳಿ ಬೇಯಿಸಿ ಬಸಿದ ನೀರೇ ಕಟ್ಟು. ಅದಕ್ಕೆ ಒಂದು ಹಿಡಿ ಬೆಂದ ಹುರಳಿ, ಸುಟ್ಟ ಉಳ್ಳಾಗಡ್ಡಿ, ಒಣಕೊಬ್ಬರಿ, ಬೆಳ್ಳುಳ್ಳಿ, ಖಾರ ಎಲ್ಲ ಅರೆದು ಹಾಕಿ, ಒಲೆಯ ಮೇಲಿಟ್ಟು, ಅಪ್ಪ ಮಗ್ಗದ ಕುಣಿಗೆ ಇಳಿಯುತ್ತಿದ್ದ. ಒಂದು ಗೇಣು ಸೀರೆ ನೇಯುವಷ್ಟು ಹೊತ್ತು ಅದು ಕುದಿಯಬೇಕು. ಆಮೇಲೆ ಹುಣಸೆಹುಳಿ, ಬೆಲ್ಲ. ಮತ್ತೆ ನಾಲ್ಕು ಬೆರಳು ನೇಯುವಷ್ಟು ಕುದಿಸಿ ಒಗ್ಗರಣೆ. ಇದನ್ನು ಬಿಟ್ಟು ಬೇರೆ ಲೆಕ್ಕ ಅವನಿಗೆ ಗೊತ್ತಿರಲಿಲ್ಲ.

ಒಮ್ಮೆ ಗೇಣಿನ ನಡುವೆ ಮಗ್ಗದ ಎಳೆಗಳು ಪಟಪಟನೆ ಹರಿದವು. ಅಪ್ಪ ಒಂದೊಂದೇ ಎಳೆಗೆ ಗಂಟು ಹಾಕುತ್ತ ಕುಳಿತ. ಇತ್ತ ಒಲೆಯಿಂದ ಘಾಟು ಬರತೊಡಗಿತು.

"ಗಡಗಿ ಇಳಸ್ಲೇನು?" ಅಂತ ಅವ್ವ ಕೂಗಿದಳು.

"ಇನ್ನ ಗೇಣು ಆಗಿಲ್ಲ!"

"ನಿಮ್ಮ ಗೇಣಿಗೆ ಬೆಂಕಿ ಹತ್ತಲಿ, ತಳಾ ಹತ್ತಾಕತ್ತೈತಿ!"

"ಮಗ್ಗ ನಿಂತೈತಿ ಅಂದಮ್ಯಾಲ ಹೊತ್ತೂ ನಿಂತೈತಿ. ಸುಮ್ಮನಿರು."

ಗೇಣು ಮುಗಿಸಿಯೇ ಎದ್ದ. ಗಡಿಗೆಯಲ್ಲಿ ಸೌಟು ನೆಟ್ಟಗೆ ನಿಂತಿತು. ಅಪ್ಪ ಬೆರಳಿನಿಂದ ತೆಗೆದು ನೆಕ್ಕಿ ನೋಡಿದ. "ಛಲೋ ಆಗೈತಿ. ಇವತ್ತ ಇದಕ್ಕ ಪಲ್ಯ ಅನ್ರಿ," ಅಂದ.

ಮಗ್ಗವಿಲ್ಲದ ಮನೆ

ಮದುವೆಯಾಗಿ ಜಮಖಂಡಿಗೆ ಬಂದೆ. ಅತ್ತೆಯ ಮನೆಯವರದು ಸೀರೆ, ಕುಪ್ಪಸದ ಖಣದ ಅಂಗಡಿ. ಬಟ್ಟೆ ಮಾರುವವರು, ನೇಯುವವರಲ್ಲ. ಗೋಡೆಗೆ ದೊಡ್ಡ ಗಡಿಯಾರವೇನೋ ಇತ್ತು, ಆದರೆ ಗಡಿಯಾರದಲ್ಲಿ ಗೇಣು ಎಲ್ಲಿರುತ್ತದೆ? ಮೊದಲ ಸಲ ಅಪ್ಪನ ಸಾರು ಇಟ್ಟಾಗ ಅಂದಾಜಿನ ಮೇಲೆ ಇಳಿಸಿದೆ. ಸಾರು ಹಸಿಹಸಿ.

ಅತ್ತೆ ಒಂದು ಗುಟುಕು ಕುಡಿದು ಬಟ್ಟಲು ದೂರ ಸರಿಸಿದರು. "ಇದನ್ನ ಯಾರು ಕಲಿಸ್ಯಾರ?"

"ನಮ್ಮಪ್ಪ ರೀ."

"ಅದಕ್ಕ ಮತ್ತ. ಗಂಡಸರು ಕಲಿಸಿದ ಸಾರು ನಮ್ಮ ಒಲಿ ಮ್ಯಾಲ ಇನ್ನ ಬ್ಯಾಡ. ನೀ ರೊಟ್ಟಿ ಬಡಿ, ಸಾಕು."

ನನ್ನನ್ನು ಅಂದಿದ್ದರೆ ನುಂಗಿಕೊಳ್ಳುತ್ತಿದ್ದೆ. ಅಪ್ಪನ ಸಾರಿಗೆ ಅಂದರಲ್ಲ, ಅದನ್ನು ತಡೆದುಕೊಳ್ಳಲಾಗಲಿಲ್ಲ. ಇವರ ಬಾಯಿಂದಲೇ ಆ ಸಾರನ್ನು ಹೊಗಳಿಸದೆ ಬಿಡುವುದಿಲ್ಲ ಎಂದು ಹಟ ಹಿಡಿದೆ. ಗಂಡ ಸರಕು ತರಲು ಬನಹಟ್ಟಿಗೆ ಹೊರಟಾಗ, ಒಂದು ಗೇಣು ನೇಯಲು ಗಡಿಯಾರದಲ್ಲಿ ಎಷ್ಟು ಹೊತ್ತು ಎಂದು ಅಪ್ಪನನ್ನು ಕೇಳಿ ಬರಲು ಹೇಳಿದೆ.

ಸಂಜೆ ಗಂಡ ತಲೆ ಕೆರೆದುಕೊಳ್ಳುತ್ತ ಬಂದರು. "ನಿಮ್ಮಪ್ಪ ತಿರುಗಿ ನನ್ನನ್ನ ಕೇಳಿದ್ರು. ಎಂಥಾ ಸೀರಿದು? ದಪ್ಪ ನೂಲಿಂದೋ, ಸಣ್ಣ ನೂಲಿಂದೋ?"

ಸರಕಾರಿ ತಪಾಸಣೆ

ಗಂಡ ಮತ್ತೊಮ್ಮೆ ಬನಹಟ್ಟಿಗೆ ಹೋದಾಗ ಅಪ್ಪ, "ನಾನ ಮಾಡಿ ಕಳಸ್ತೇನಿ, ನಿಮ್ಮವ್ವ ಕುಡದು ನೋಡ್ಲಿ," ಎಂದು ಗಡಿಗೆ ತುಂಬ ಸಾರು ಮಾಡಿ, ಮುಚ್ಚಳದ ಸುತ್ತ ಕಣಕ ಮೆತ್ತಿ, ನನ್ನ ಗಂಡನ ಕೈಗೆ ಕೊಟ್ಟ. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಹೊಸತು. ಜೊತೆಗೆ ದಾರೂಬಂದಿಯೂ ಬಂದಿತ್ತು, ಹೆಂಡ ಸಾರಾಯಿ ಮುಟ್ಟುವಂತಿರಲಿಲ್ಲ. ಬಾಯಿ ಬಿಗಿದ ಗಡಿಗೆ ಕಂಡರೆ ಸಾಕು, ಪೊಲೀಸರಿಗೆ ಒಳಗಿರುವುದು ಕಳ್ಳಭಟ್ಟಿಯ ಸೆರೆಯೇ ಎಂದು ಅನುಮಾನ. ನಡುದಾರಿಯಲ್ಲಿ ಬಸ್ಸು ನಿಲ್ಲಿಸಿದರು.

"ಏನೈತಿ ಇದರಾಗ?" ಅಂದ ಪೊಲೀಸ.

"ಸಾರು ರೀ."

"ಎಲ್ಲಾರೂ ಹಂಗ ಅಂತಾರ. ತಗೀ."

ಗಂಡ ತೆಗೆದರು. ಕಪ್ಪು ಬಣ್ಣ, ಹುಳಿ ವಾಸನೆ, ಮೂಗಿಗೆ ಹೊಡೆಯುವ ಘಾಟು. ಪೊಲೀಸನಿಗೆ ಹುಲಿ ಹಿಡಿದಷ್ಟು ಖುಷಿಯಾಯಿತು. ಮುಚ್ಚಳಕ್ಕೆ ಬಗ್ಗಿಸಿಕೊಂಡು ಕುಡಿದ. ಕಣ್ಣಲ್ಲಿ ನೀರು ಬಂತು. ಇನ್ನೊಮ್ಮೆ ಬಗ್ಗಿಸಿಕೊಂಡ. ಆಮೇಲೆ ಮರದ ಕೆಳಗೆ ಕುಳಿತಿದ್ದ ಫೌಜದಾರರನ್ನು ಕೂಗಿದ: "ಸಾಹೇಬರ, ನನಗೊಬ್ಬನಿಗೆ ತಿಳೀವಲ್ದು. ನೀವೂ ಒಮ್ಮೆ ತಪಾಸ ಮಾಡ್ರಿ."

ಸಾಹೇಬರು ತಪಾಸ ಮಾಡಿದರು. ಯಾರದೋ ಬುತ್ತಿಯಿಂದ ರೊಟ್ಟಿ ತರಿಸಿಕೊಂಡು ಮತ್ತೆ ಮಾಡಿದರು. ಡ್ರೈವರ್, ಕಂಡಕ್ಟರ್ ಇಬ್ಬರೂ ಸಾಕ್ಷಿಗೆಂದು ಬಂದರು. ಗಡಿಗೆಯ ತಳ ಕಂಡ ಮೇಲೆ ಸಾಹೇಬರು ಮೀಸೆ ಒರೆಸಿಕೊಂಡು ತೀರ್ಪು ಕೊಟ್ಟರು: "ದಾರೂ ಅಲ್ಲ. ಖರೇನ ಸಾರು. ಹೋಗ್ರಿ."

ಸರಕಾರವೇ ಒಪ್ಪಿತು ಎಂದು ನಾನು ಕುಣಿದಾಡಿದೆ. ಅತ್ತೆ ಮಾತ್ರ ಖಾಲಿ ಗಡಿಗೆಯೊಳಗೆ ಇಣುಕಿ, "ನಿಮ್ಮಪ್ಪ ಸಾರು ಭಾಳ ತಿಳಿ ಮಾಡ್ಯಾರ ಬಿಡು. ಕಣ್ಣಿಗೇ ಕಾಣವಲ್ದು," ಅಂದರು.

ತಾಯಿ ಬಂದಳು

ಒಂದು ಮಂಗಳವಾರ ಅತ್ತೆ ಪಕ್ಕದ ಮನೆಯ ಕಾಕಿಯನ್ನು ಜೊತೆ ಮಾಡಿಕೊಂಡು ಸಾವಳಗಿಯ ತಂಗಿಯ ಮನೆಗೆ ಹೊರಟರು. ಇದೇ ಸಮಯ ಎಂದು ಹುರಳಿ ಬೇಯಲು ಹಾಕಿದೆ. ಆಗ ಹೊಳೆಯಿತು. ಮಗ್ಗ ಇಲ್ಲದಿದ್ದರೇನಂತೆ? ಮದುವೆಗೆ ಮುಂಚೆ ಅಪ್ಪನ ಮಗ್ಗದಲ್ಲಿ ನಾನೇ ಎಷ್ಟು ಸೀರೆ ನೇಯ್ದಿಲ್ಲ! ಲೆಕ್ಕ ಕೈಕಾಲಿಗೆ ಗೊತ್ತಿದೆ. ಕಟ್ಟು ಬಸಿದು, ಮಸಾಲೆ ಅರೆದು ಹಾಕಿ ಒಲೆಯ ಮೇಲಿಟ್ಟೆ.

ತಲೆಗೆ ಎರೆದುಕೊಂಡಿದ್ದೆ. ಒದ್ದೆ ಕೂದಲು ಹರಡಿಕೊಂಡೇ ಒಲೆಯ ಮುಂದೆ ಮಣೆ ಹಾಕಿ ಕುಳಿತೆ. ಬಲಗೈಯಿಂದ ಇಲ್ಲದ ಹಗ್ಗ ಜಗ್ಗಿದೆ, ಎಡಗೈಯಿಂದ ಇಲ್ಲದ ಹಲಗೆ ಬಡಿದೆ, ಕಾಲಿನಿಂದ ನೆಲ ತುಳಿದೆ. ಒಂದೊಂದು ಎಳೆಗೂ "ಹೂಂ... ಹೂಂ..." ಅನ್ನುತ್ತ ತೂಗಿದೆ.

ಅರ್ಧ ಗೇಣು ಆಗುವಷ್ಟರಲ್ಲಿ, ಬಸ್ಸು ತಪ್ಪಿತೆಂದು ಅತ್ತೆ ಮತ್ತು ಕಾಕಿ ತಿರುಗಿ ಬಂದರು. ಬಾಗಿಲಲ್ಲೇ ನಿಂತುಬಿಟ್ಟರು.

"ಯವ್ವಾ! ಸೊಸಿ ಮೈಯಾಗ ತಾಯಿ ಬಂದಾಳ!" ಅಂದರು ಅತ್ತೆ.

"ಮಂಗಳವಾರ ಬ್ಯಾರೆ!" ಎಂದು ಕಾಕಿ ಓಡಿಹೋಗಿ ಕುಂಕುಮ ತಂದು ನನ್ನ ಹಣೆ ತುಂಬ ಬಳಿದಳು. ಕೈ ನಿಲ್ಲಿಸಿದರೆ ಲೆಕ್ಕ ತಪ್ಪುತ್ತದೆ, ನಾನು ನಿಲ್ಲಿಸಲಿಲ್ಲ. ಅತ್ತೆ ಕೈ ಮುಗಿದು, "ತಾಯೀ, ನಮ್ಮಿಂದ ಏನರೆ ತಪ್ಪಾಗೈತೇನ?" ಎಂದು ಕೇಳಿದರು.

"ಇನ್ನ ಅರ್ಧ ಗೇಣು ಐತಿ!" ಅಂದೆ ನಾನು ಏದುಸಿರು ಬಿಡುತ್ತ.

ಅತ್ತೆಯ ಮುಖ ಬಿಳಿಚಿತು. ಗಲ್ಲ ಗಲ್ಲ ಬಡಿದುಕೊಂಡರು. "ತಪ್ಪಾತು ತಾಯಿ! ಹೋದ ಸಲ ನಿನ್ನ ಉಡಿ ತುಂಬಾಗ ಖಣಾನ ಅರ್ಧ ಗೇಣು ಕಡಿಮಿ ಹರದಿದ್ದೆ. ನಿನಗ ಗೊತ್ತಾಗೂದಿಲ್ಲ ಅನ್ಕೊಂಡಿದ್ನಿ!"

ತುಟಿ ಕಚ್ಚಿ ನಗು ತಡೆದು ಗೇಣು ಮುಗಿಸಿದೆ. ಹುಳಿ, ಬೆಲ್ಲ ಹಾಕಿ ಮತ್ತೆ ನಾಲ್ಕು ಬೆರಳು ನೇಯ್ದೆ. ಒಗ್ಗರಣೆ ಚುರ್ ಅಂದಾಗ ಕಾಕಿ ನೆಲಕ್ಕೆ ಹಣೆ ಹಚ್ಚಿದಳು. ತಾಯಿ ಮಾಡಿದ ಸಾರನ್ನು ಬೇಡ ಅನ್ನುವಂತಿಲ್ಲವಲ್ಲ! ಅತ್ತೆ ತೀರ್ಥದಂತೆ ಅಂಗೈಗೆ ಹಾಕಿಸಿಕೊಂಡು, ಊದಿ, ಕಣ್ಣು ಮುಚ್ಚಿ ಕುಡಿದರು. ಕಣ್ಣು ಬಿಟ್ಟರು. ಬಟ್ಟಲು ತಂದರು. ಆಮೇಲೆ ರೊಟ್ಟಿ ತಂದರು. "ಹುಟ್ಟಿದಾಗಿಂದ ಇಂಥಾ ಸಾರು ಉಂಡಿಲ್ಲ," ಅಂದರು.

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ತಾಯಿ ಅಲ್ಲರಿ ಅತ್ತಿ, ಇದು ನಮ್ಮಪ್ಪನ ಸಾರು. ನಾ ಮಗ್ಗ ನೇಯ್ದಂಗ ಮಾಡಿದೆ, ಅಷ್ಟ."

ಅತ್ತೆ ಕರುಣೆಯಿಂದ ನನ್ನ ತಲೆ ಸವರಿದರು. "ಮೈಯಾಗ ಬಂದದ್ದು ಬಂದಾಕಿಗೆ ಹೆಂಗ ಗೊತ್ತಾಗಬೇಕವಾ? ಆದ್ರ ಒಂದ ಮಾತು ಖರೆ. ತಾಯಿ ಇಷ್ಟು ದೂರ ಬಂದು ಮಾಡಿದ್ದು ನಿಮ್ಮಪ್ಪನ ಸಾರ. ನನ್ನ ಸಾರು ಮಾಡ್ಲಿಲ್ಲ ನೋಡು."

ನನ್ನ ಅಪ್ಪ ಗೆದ್ದ. ನಾನು ಒಳಗೆ ಹೋಗಿ ಒಬ್ಬಳೇ ಹೊಟ್ಟೆ ತುಂಬ ನಕ್ಕೆ.

ಮುಂದಿನ ಮಂಗಳವಾರ ನಾನು ಏಳುವ ಹೊತ್ತಿಗೆ ಅತ್ತೆ ತಾವೇ ಹುರಳಿ ಬೇಯಿಸಿ, ಬಸಿದು, ಮಸಾಲೆ ಅರೆದು ಇಟ್ಟಿದ್ದರು. ನನ್ನನ್ನು ಒಲೆಯ ಮುಂದೆ ಕೂರಿಸಿ, ಹೆರಳು ಬಿಚ್ಚಿ ಕೂದಲು ಹರಡುತ್ತ, ಮೆಲ್ಲಗೆ ಕಿವಿಯಲ್ಲಿ ಹೇಳಿದರು:

"ಮುಧೋಳದ ಬೀಗರು ಊಟಕ್ಕ ಬರಾಕತ್ತಾರ. ಇವತ್ತ ಸ್ವಲ್ಪ ಹೆಚ್ಚಿಗಿ ಮಾಡಂತ ತಾಯಿಗೆ ಹೇಳವಾ."