ಮುಟ್ಟಬಾರದ ಫೋಲ್ಡರು

ಅನುಮಾನ ನನ್ನ ಹುಟ್ಟುಗುಣ. ಕಂಪ್ಯೂಟರ್ ಕೆಲಸದಲ್ಲಿ ಅದಕ್ಕೆ ಮೇವು ಎಂದೂ ಕಡಿಮೆ ಬಿದ್ದಿಲ್ಲ.

ಮರಾಠಿ ನಾಡಿನ ಮಗರಪಟ್ಟಾದ ಆಫೀಸಿನಲ್ಲಿ ನಾವು ವೆಬ್‌ಸೈಟ್ ಕಟ್ಟುತ್ತಿದ್ದೆವು. ಲೈಬ್ರರಿ, ಅಂದರೆ ಹೊರಗಿನವರು ಬರೆದ ಸಿದ್ಧ ಕೋಡು, ಅದನ್ನೂ ನಮ್ಮ ಕೋಡಿನ ಜೊತೆಗೇ ವರ್ಷನ್ ಕಂಟ್ರೋಲಿನ ಒಂದು ಫೋಲ್ಡರಿನಲ್ಲಿ ಇಡುತ್ತಿದ್ದೆವು. ಯಾರು ಏನು ಬದಲಿಸಿದರೂ ಅಲ್ಲಿ ಅವರ ಹೆಸರು ದಾಖಲು.

"ಈ ಫೋಲ್ಡರನ್ನು ಯಾರೂ ಮುಟ್ಟಬಾರದು. ಆರು ತಿಂಗಳು ಕಾಯ್ದು ತೋರಿಸು, ನೌಕರಿ ಕಾಯಂ," ಅಂದರು ಮ್ಯಾನೇಜರ್ ಸಾಹೇಬರು ಮರಾಠಿಯಲ್ಲಿ. ನನಗೆ ಹೆಣ್ಣು ನೋಡುತ್ತಿದ್ದ ದಿನಗಳವು. ಕಾಯಂ ಆಗದವನಿಗೆ ಹೆಣ್ಣು ಕೊಡುವವರು ಯಾರು?

೧. ವಾರಸುದಾರರು

ಒಂದೇ ಕ್ಯಾಲೆಂಡರ್ ಲೈಬ್ರರಿಯ ನಾಲ್ಕು ಪ್ರತಿಗಳಿದ್ದವು: 'ನ್ಯೂ', 'ಫೈನಲ್', 'ಫೈನಲ್ ಪಕ್ಕಾ', 'ಡಿಲೀಟ್ ಮಾಡಬೇಡಿ'. ಯಾರವೆಂದು ಕೇಳಿದರೆ ಎಲ್ಲರೂ ನಮ್ಮದಲ್ಲ ಅಂದರು. ಕೊನೆಯದರ ಹೆಸರೇ ನನಗೆ ಅನುಮಾನ ತರಿಸಿತು, ಅದನ್ನೇ ಅಳಿಸಿದೆ. ಹತ್ತು ನಿಮಿಷಕ್ಕೆ ಸೈಟು ಮಲಗಿತು. ಆ ಅನಾಥ ಪ್ರತಿಗೆ ಆರು ಜನ ವಾರಸುದಾರರು ನನ್ನ ಮೇಜು ಮುತ್ತಿದ್ದರು.

೨. ಮಂದಿ ಕೋಡು

ಲೈಬ್ರರಿಯ ಹೊಸ ಆವೃತ್ತಿ ತಂದು ಹಾಕಿದೆ. ಗಿರಾಕಿಗಳ ಸೋಮವಾರದ ಬುಕಿಂಗೆಲ್ಲ ಭಾನುವಾರಕ್ಕೆ ಹಾರಿದವು. ಪಕ್ಕದ ಕುರ್ಚಿಯ ವಿಜಾಪುರದ ಗೆಳೆಯ ತಲೆ ತಗ್ಗಿಸಿ ಕೂತಿದ್ದ.

"ಹಳೇದರಾಗ ಕೈಯಾಡ್ಸಿದ್ದೇನಲೇ?"

"ಸ್ವಲ್ಪ. ಈಗ ಹೊಸಾದು ಬಂದು ಅದು ಅಳಿಸಿ ಹೋತು."

"ಎಲ್ಲ್ಯರ ಬರದಿಟ್ಟೀಯೇನು?"

"ಮಂದಿ ಕೋಡಿಗೆ ನಾವ್ಯಾಕ ಟಿಪ್ಪಣಿ ಬರೀಬೇಕೋ?"

೩. ಗುಟ್ಟಿನ ಭಾಷೆ

ಆಮೇಲೆ ಆ ಫೋಲ್ಡರನ್ನು ನನ್ನೊಬ್ಬನ ಹೆಸರಿನಿಂದ ಮಾತ್ರ ತಿದ್ದಲು ಬರುವಂತೆ ಮಾಡಿದೆ. ಒಂದು ದಿನ ಗೆಳೆಯ ಗಿರಾಕಿಯ ಆಫೀಸಿನಿಂದ ಫೋನ್ ಮಾಡಿ, ಅವಸರ ಅದ, ಪಾಸ್‌ವರ್ಡ್ ಕೊಡು ಅಂದ. ಸಾಹೇಬರೂ ಸೇರಿ ಸುತ್ತ ಎಲ್ಲ ಮರಾಠಿ ಮಂದಿ ಎಂಬ ಧೈರ್ಯದ ಮೇಲೆ ಕನ್ನಡದಲ್ಲೇ ಗಟ್ಟಿಯಾಗಿ ಹೇಳಿದೆ: "ನಮ್ಮೂರ ಹೆಸರು, ಮುಂದ ನಾಕು ಸೊನ್ನಿ. ಸಾಹೇಬ್ರಿಗೆ ಮಾತ್ರ ಗೊತ್ತಾಗಬಾರ್ದು, ಅವರ ಕೈ ಸುಮ್ನಿರೂದಿಲ್ಲ."

ಮರುವಾರ ನೋಡಿದರೆ ಲೈಬ್ರರಿಯನ್ನು ಮತ್ತೆ ಯಾರೋ ತಿದ್ದಿದ್ದಾರೆ, ದಾಖಲೆಯಲ್ಲಿ ನನ್ನ ಹೆಸರು! ಗೆಳೆಯ ತಾನಲ್ಲ ಎಂದು ತಾಯಾಣೆ ಮಾಡಿದ. ಆರು ತಿಂಗಳಿಗೆ ಒಂದೇ ದಿನ ಬಾಕಿ. ಸಾಹೇಬರ ಮುಂದೆ ನಿಂತು, ಯಾರೋ ಪಾಸ್‌ವರ್ಡ್ ಕದ್ದಿದ್ದಾರೆ ಅಂತ ಮರಾಠಿಯಲ್ಲಿ ಗೋಳಾಡಿದೆ.

ಸಾಹೇಬರು ಚಹಾ ಗುಟುಕರಿಸಿ, ಅಚ್ಚ ಕನ್ನಡದಲ್ಲಿ ಅಂದರು: "ಗಾಬರಿ ಆಗಬ್ಯಾಡ್ರಿ, ನಾ ಸೊಲ್ಲಾಪುರದಾಂವ. ಕೈ ಸುಮ್ನಿರಲಿಲ್ಲ, ತಿದ್ದೀನಿ. ನಿಮ್ಮ ಕಾಯಂ ಪತ್ರಕ್ಕ ಸಹಿ ಮಾಡೀನಿ, ತೊಗೊಳ್ರಿ. ಯಾರರ ಕೇಳಿದ್ರ ಮಾತ್ರ, ತಿದ್ದಿದಾಂವ ನೀವಽ. ದಾಖಲೆದಾಗ ಹಂಗಽ ಅದ ನೋಡ್ರಿ."