ನಮ್ಮಿಬ್ಬರ ನಡುವೆ ನಿಂತ ಎಮ್ಮೆಗೆ

ಅಫಜಲಪುರ,
12 ಜುಲೈ 1984

ಸರಸಂಬಾದ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಬಲಗಡೆಯ ಗೂಟವನ್ನು ಒಂಬತ್ತು ವರ್ಷಗಳಿಂದ ಅಲಂಕರಿಸಿರುವ ಎಮ್ಮೆ ಚಂದ್ರಿಯವರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಮೇವು, ನೀರು, ಬಾಲ ಎಲ್ಲವೂ ಕ್ಷೇಮವೆಂದು ನಂಬಿ, ಕೊಂಬುಗಳಿಗೆ ದೂರದಿಂದಲೇ ವಂದಿಸಿ, ತಮ್ಮ ಮೇಲೆ ಒಂದು ದೂರು ಸಲ್ಲಿಸುತ್ತಿದ್ದೇನೆ.

ಹನ್ನೊಂದು ಜನರ ಆ ಮನೆಯಲ್ಲಿ ಹಿರಿಯರ ಎದುರು ಗಂಡ ಹೆಂಡತಿ ನೇರವಾಗಿ ಮಾತಾಡುವ ರೂಢಿಯಿಲ್ಲ ಎಂಬುದು ತಮಗೆ ತಿಳಿದದ್ದೇ. ಹಿರಿಯರು ಎದುರಿಗಿಲ್ಲದ ಹೊತ್ತೂ ಅಲ್ಲಿ ಇರಲಿಲ್ಲ. ಆದ್ದರಿಂದ ಮದುವೆಯಾದ ಮೊದಲ ತಿಂಗಳಿನಿಂದಲೇ ನನ್ನ ಹೆಂಡತಿ ಹೀರಾಬಾಯಿ ನನಗೆ ಹೇಳಬೇಕಾದದ್ದನ್ನೆಲ್ಲ ಹಾಲು ಹಿಂಡುತ್ತ ತಮಗೆ ಹೇಳಿದಳು; ನಾನು ಮೇವು ಹಾಕುವ ನೆಪದಲ್ಲಿ ಬಂದು, ಬೆನ್ನು ಸವರುತ್ತ, ತಮಗೇ ಉತ್ತರ ಕೊಟ್ಟೆ. "ಏನ್ ಬೇ ಚಂದ್ರಿ, ಜೇವರಗಿಗಿ ಹೋಗಿ ಎಂಟು ತಿಂಗಳಾತು, ನಮ್ಮವ್ವನ ಮಾರಿ ಮರ್ತೀನಿ. ಯಾರರ ಕರಕೊಂಡು ಹೋಗ್ತಾರೇನು?" ಎಂದು ಅವಳು ಕೇಳಿದರೆ, "ಚಂದ್ರಿ, ಸೋಮವಾರ ಮುಂಜಾನಿ ಬಸ್ಸಿಗಿ ತಯಾರ ಇರು ಅಂತ ಹೇಳು" ಎಂದು ನಾನು. ಹೊರಡುವ ದಿನ ನೋಡಿದರೆ ನಮ್ಮವ್ವ ಗುರಮ್ಮ ಬೀಗರಿಗೆಂದು ಶೇಂಗಾ ಹೋಳಿಗೆಯ ಗಂಟು ಕಟ್ಟಿಟ್ಟಿದ್ದಳು. ಯಾರು ಹೇಳಿದರೆಂದು ಕೇಳಿದ್ದಕ್ಕೆ, "ಎಮ್ಮಿ ಹೇಳ್ತು. ಈ ಮನ್ಯಾಗ ಎಲ್ಲಾ ಅದೇ ಹೇಳ್ತದ" ಎಂದಳು. ಗುಟ್ಟು ಕಾಯುವಲ್ಲಿ ತಮ್ಮ ಈ ವೈಫಲ್ಯವನ್ನು ನಾನು ದೂರಿಗೆ ಸೇರಿಸುತ್ತಿಲ್ಲ; ಹೋಳಿಗೆ ಚೆನ್ನಾಗಿದ್ದವು.

ನನ್ನ ದೂರು ಬೇರೆ. ಮೂರು ತಿಂಗಳ ಹಿಂದೆ ನನಗೆ ಇಲ್ಲಿಗೆ ವರ್ಗವಾಗಿ, ಗೌರಾಬಾಯಿ ಎಂಬವರ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದು, ಆರು ವರ್ಷಗಳಲ್ಲಿ ಮೊದಲ ಸಲ ನಾವಿಬ್ಬರೇ ಉಳಿದೆವು. ತಡೆಯುವವರು ಯಾರೂ ಇಲ್ಲ, ಮಾತೂ ಇಲ್ಲ. ಅವಳು ರೊಟ್ಟಿ ನೀಡುತ್ತಾಳೆ, ನಾನು ಸಾಕೆಂದು ಕೈ ಅಡ್ಡ ಹಿಡಿಯುತ್ತೇನೆ. ನಾನು ಓದುವ ಅನುವಾದಿತ ಕಾದಂಬರಿಗಳಲ್ಲಿ ದಂಪತಿಗಳು ಪರಸ್ಪರ ಹೆಸರು ಹಿಡಿದು ಕರೆದು ಎರಡೆರಡು ಪುಟ ಮಾತಾಡುತ್ತಾರೆ, ಆದರೆ ಆ ಮನೆಗಳಲ್ಲಿ ಎಮ್ಮೆ ಕಟ್ಟಿದ ಉಲ್ಲೇಖ ಎಲ್ಲಿಯೂ ಇಲ್ಲವಾದ್ದರಿಂದ ಅವರಿಗೆ ಅದು ಹೇಗೆ ಸಾಧ್ಯವಾಯಿತೋ ತಿಳಿಯದು.

ತಮ್ಮ ಸ್ಥಾನಕ್ಕೆ ಬೇರೆಯವರನ್ನು ನೇಮಿಸಿ ನೋಡಿದೆವು. ಸ್ಟೋವ್ ನಮ್ಮ ಮಾತಿಗೂ ಮೊದಲೇ ಭುಸುಗುಟ್ಟುತ್ತದೆ. ರೇಡಿಯೊ ನಡುವೆ ಬಾಯಿ ಹಾಕುತ್ತದೆ. ಗೌರಾಬಾಯಿಯವರ ಆಡು ಅರ್ಧ ಮಾತಿಗೇ ಎದ್ದು ಹೋಗುತ್ತದೆ. ಹೇಳಿದ್ದನ್ನು ಕೊನೆಯವರೆಗೂ ಕೇಳಿ, ಮರುಪ್ರಶ್ನೆ ಹಾಕದೆ, ಮುಂದಿನ ಮಾತನ್ನು ಹೊಂದಿಸಿಕೊಳ್ಳಲು ಎದುರಿನವರಿಗೆ ಸಮಯ ಸಿಗುವಷ್ಟು ನಿಧಾನವಾಗಿ ಮೆಲುಕು ಹಾಕುವ ತಮ್ಮಂಥ ಶ್ರೋತೃ ಈ ತಾಲೂಕಿನಲ್ಲಿ ಇಲ್ಲವೆಂದು ನಾನು ಬರೆದುಕೊಡಬಲ್ಲೆ.

ನಿನ್ನೆ ಹೀರಾಬಾಯಿ ಗೋಡೆಯಾಚೆ ಗೌರಾಬಾಯಿಯವರಿಗೆ ಹೇಳುತ್ತಿದ್ದುದು ಕೇಳಿಸಿತು: "ಸೋಮವಾರ ಸರಸಂಬಾಕ್ಕ ಹೋಗ್ತೇನ್ರಿ ಅಕ್ಕಾ. ಇಲ್ಲಿ ಮಾತಾಡ್ಲಾಕ ಒಂದು ಎಮ್ಮಿ ಸೈತ ಇಲ್ಲ." ಯಾವಾಗ ಬರುತ್ತೀ ಎಂದು ಅವರು ಕೇಳಿದ್ದಕ್ಕೆ ಅವಳು ಮಳೆಯ ಮಾತು ತೆಗೆದಳು. ನಾನು ಈಚೆ ಕೋಣೆಯಲ್ಲಿ ಪುಸ್ತಕ ಹಿಡಿದು ಕೂತಿದ್ದೆ, ಪುಟ ತಿರುವಲಾಗಲಿಲ್ಲ.

ಆದಕಾರಣ ತಾವು ಭಾನುವಾರದೊಳಗೆ ಸರಸಂಬಾದಿಂದ ಆಳಂದಕ್ಕೆ ನಡೆದು ಬಂದು, ಅಲ್ಲಿಂದ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಹಿಡಿದು, ನಮ್ಮ ಮುಂದಿನ ಕೋಣೆಯಲ್ಲಿ ಬೀಡುಬಿಡಬೇಕೆಂದು ಕೋರುತ್ತೇನೆ. ನನ್ನ ಪುಸ್ತಕದ ಕಪಾಟನ್ನು ತೆರವು ಮಾಡಿಕೊಡುವೆ, ಮೇಯದಿದ್ದರೆ ಪುಸ್ತಕಗಳೂ ಅಲ್ಲೇ ಇರಲಿ. ಬರಲು ಅನುಕೂಲವಿಲ್ಲದಿದ್ದರೆ ನನ್ನ ಒಂದೇ ಮಾತನ್ನು ಅವಳಿಗೆ ಮುಟ್ಟಿಸಿ: ಚಂದ್ರಿ, ಹೋಗಬ್ಯಾಡ ಅಂತ ಹೇಳು.

ಇದು ಬಹಿರಂಗ ಪತ್ರವಾದ್ದರಿಂದ ಲಕೋಟೆಗೆ ಹಾಕದೆ ರೊಟ್ಟಿ ಬುಟ್ಟಿಯ ಮುಚ್ಚಳದ ಮೇಲೆ ಇಡುತ್ತಿದ್ದೇನೆ.

ತಮ್ಮ ಬೆನ್ನಿನ ಮೇಲೆ ಆರು ವರ್ಷ ಸಂಸಾರ ಮಾಡಿದ,
ತಮ್ಮ ವಿಶ್ವಾಸಿ,
ದೌಲತರಾಯ

ತಾ.ಕ.: ಕಚೇರಿಯಿಂದ ಬಂದಾಗ ಪತ್ರ ಅಲ್ಲೇ ಇತ್ತು. ನನ್ನ ಸಹಿಯ ಕೆಳಗೆ ಪೆನ್ಸಿಲಿನಲ್ಲಿ ಬರೆದಿದ್ದುದನ್ನು ತಮ್ಮ ಅವಗಾಹನೆಗಾಗಿ ಇದ್ದಂತೆಯೇ ನಕಲು ಮಾಡಿದ್ದೇನೆ: "ಚಂದ್ರಿ, ನಾ ಒಳಗೇ ಕುಂತೀನಿ. ಎಮ್ಮಿಗಿ ಕಾಗದ ಬರ್ಯೂ ಶ್ಯಾಣ್ಯಾಗ ನಾಕು ಹೆಜ್ಜಿ ನಡ್ಯಾಕ ಬರ್ತದೇನು ಕೇಳು." ನಡೆಯಲು ಬರುತ್ತದೆ. ಒಳಗೆ ಹೋಗಿ ಹೇಳಿದೆ. ಏನು ಹೇಳಿದೆ ಎಂಬುದು, ಕ್ಷಮಿಸಿ, ತಮಗೆ ಸಂಬಂಧಿಸಿದ್ದಲ್ಲ.